ಹೆಸರು ಬದಲಿಸಲು ಒಂದೇ ಆದೇಶ ಸಾಲಬೇಕು

2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಯ ಬಾಗೇಪಲ್ಲಿಗೆ ಭಾಗ್ಯನಗರ ಎಂದು ಹೆಸರಿಡಲು ತೀರ್ಮಾನಿಸಿತು. ಊರಿನ ಹೆಸರು ಬದಲಿಸಲು ಗೊತ್ತಾದ ಹಂತಗಳಿವೆ. ಅಧಿಸೂಚನೆ ಹೊರಬಿದ್ದರೆ ಎಲ್ಲ ಇಲಾಖೆಗಳೂ ಅದಕ್ಕೆ ಬದ್ಧ. ಅದೇ ಜಿಲ್ಲೆಯ ಚಿಂತಾಮಣಿಯಲ್ಲಿ ಒಬ್ಬ ವ್ಯಕ್ತಿ ತನ್ನ ಹೆಸರು ಬದಲಿಸಲು ಹೊರಟರೆ ಅಂಥ ನೇರ ದಾರಿ ಇಲ್ಲ. ನೋಟರಿಯ ಮುಂದೆ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಪ್ರಕಟಣೆ, ಇಷ್ಟಾದ ಮೇಲೂ ಆಧಾರ್, ಅಂಕಪಟ್ಟಿ, ಪಹಣಿ, ಪಾಸ್‌ಪೋರ್ಟ್ ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ನಿಯಮ. ಒಬ್ಬ ಅಧಿಕಾರಿ ವಿಚಾರಣೆ ನಡೆಸಿ ಕೊಡುವ ಒಂದೇ ಆದೇಶ ರಾಜ್ಯದ ಎಲ್ಲ ಕಚೇರಿಗಳಲ್ಲೂ ನಡೆಯುವಂತೆ ಸರ್ಕಾರ ಕಾನೂನು ಮಾಡಬೇಕು.

ಇದು ದಯೆಯ ಬೇಡಿಕೆ ಎಂದು ಯಾರೂ ತಿಳಿಯಬಾರದು. ಸಿಬಿಎಸ್‌ಇ ದಾಖಲೆಗಳ ಕುರಿತ ಪ್ರಕರಣದಲ್ಲಿ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಹೆಸರು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿದೆ. ಹಕ್ಕು ಹೀಗೆ ಸ್ಪಷ್ಟವಾಗಿದ್ದರೂ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ತಪ್ಪನ್ನು ತಿದ್ದಲು ಮಾತ್ರ ಅವಕಾಶ ಕೊಡುತ್ತದೆ. ಸರಿಯಾಗಿಯೇ ಬರೆದ ಹೆಸರನ್ನು ಬದಲಿಸುವ ಮಾತು ಅಲ್ಲಿಲ್ಲ. ಉಡುಪಿಯ ಮಗುವೊಂದರ ಹೆಸರು ಬದಲಾವಣೆಯ ಅರ್ಜಿ ಈ ಕಾರಣಕ್ಕೇ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ರಾಜ್ಯ ಕಾನೂನು ಆಯೋಗ 2013ರಲ್ಲೇ ತಿದ್ದುಪಡಿಗೆ ಶಿಫಾರಸು ಮಾಡಿತ್ತೆಂಬುದನ್ನು ನ್ಯಾಯಾಲಯ ನೆನಪಿಸಿ, ಕಾನೂನು ಬರುವವರೆಗೆ ಪೋಷಕರ ಪ್ರಮಾಣಿತ ಹೇಳಿಕೆಯ ಮೇಲೆ ಬದಲಾವಣೆ ದಾಖಲಿಸಲು ದಾರಿ ತೋರಿತು. 2023ರ ಅಕ್ಟೋಬರ್ 1ರಿಂದ ಹುಟ್ಟುವ ಮಕ್ಕಳಿಗೆ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅದರಲ್ಲಿ ಒಮ್ಮೆ ಬಿದ್ದ ಹೆಸರು ಇನ್ನು ಮುಂದೆ ಮೊದಲಿಗಿಂತ ಗಟ್ಟಿಯಾಗಿ ಅಂಟಿಕೊಳ್ಳಲಿದೆ.

ನಮ್ಮ ಸೀಮೆಯಲ್ಲಿ ಈ ತೊಡಕಿಗೆ ಇನ್ನೊಂದು ಮುಖವಿದೆ. ಇಲ್ಲಿ ಇನಿಷಿಯಲ್ ತಂದೆಯದೋ ಊರಿನದೋ ಆಗಿರುತ್ತದೆ. ಅರ್ಜಿ ನಮೂನೆಗಳು ಕೇಳುವುದು ಸರ್‌ನೇಮ್. ಮನೆಯ ತೆಲುಗು ಹೆಸರು ಶಾಲೆಯಲ್ಲಿ ಕನ್ನಡಕ್ಕೆ, ಬ್ಯಾಂಕಿನಲ್ಲಿ ಇಂಗ್ಲಿಷಿಗೆ ತಿರುಗುವಾಗ ಒಬ್ಬನೇ ವೆಂಕಟರವಣಪ್ಪ ಮೂರು ಕಾಗುಣಿತದ ಮೂವರಾಗುತ್ತಾನೆ. ಕಂದಾಯ ದಾಖಲೆಗಳಲ್ಲಿ ಗಂಡಸು ‘ಬಿನ್’ ಎಂದು ತಂದೆಯ ಹೆಸರಿಗೆ, ಮದುವೆಯಾದ ಹೆಣ್ಣು ‘ಕೋಂ’ ಎಂದು ಗಂಡನ ಹೆಸರಿಗೆ ಜೋಡಣೆಯಾಗುತ್ತಾಳೆ. ಮದುವೆಯ ನಂತರ ಹೆಂಗಸು ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಇದು ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಕಾಗುಣಿತ ಸರಿಪಡಿಸುವುದರಲ್ಲೇ ಅವು ಮುಗಿದರೆ, ಜಾತಿ ಸೂಚಿಸುವ ಹೆಸರನ್ನು ಕಳಚಬೇಕೆಂದವರು ಏನು ಮಾಡಬೇಕು?

ಸುಲಭ ಮಾಡಿದರೆ ಸಾಲಗಾರರೂ ಅಪರಾಧಿಗಳೂ ಹೆಸರು ಬದಲಿಸಿ ತಪ್ಪಿಸಿಕೊಳ್ಳುತ್ತಾರೆ ಎಂಬ ಆತಂಕ ಸಹಜವೇ. ಆದರೆ ಇಂದಿನ ವ್ಯವಸ್ಥೆ ಅವರನ್ನು ಹೇಗೆ ತಡೆಯುತ್ತಿದೆ? ಮೂಲೆಯ ಸಣ್ಣ ಜಾಹೀರಾತನ್ನು ಸಾಲ ಕೊಟ್ಟವನು ಓದಿಯೇ ಓದುತ್ತಾನೆಂದು ಹೇಳಲಾಗದು. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಒಂದೇ ನೋಂದಣಿಯಲ್ಲಿ ಜೊತೆಗಿರಿಸುವುದೇ ಹೆಚ್ಚು ಭದ್ರ. ಸ್ವಇಚ್ಛೆಯಿಂದ ಬದಲಿಸುವವರಿಂದ ನ್ಯಾಯಾಲಯದ ಅನುಮತಿ, ಗೆಜೆಟ್ ಪ್ರಕಟಣೆ ಕೇಳಬಹುದೆಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎನ್ನಬಹುದು. ನಿಜ. ಅದು ಪರೀಕ್ಷಾ ಮಂಡಳಿಯ ಮಟ್ಟಿಗೆ ಬಂದ ಮಾತು; ವಿಚಾರಣೆಯ ಅಧಿಕಾರವನ್ನು ಶಾಸನದ ಮೂಲಕವೇ ಒಬ್ಬ ಅಧಿಕಾರಿಗೆ ಕೊಡಲು ಅದು ಅಡ್ಡಿಯಾಗದು. ಇದಕ್ಕೆ ಮಾದರಿಯೂ ಇದೆ. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರವಿದ್ದವರು ಜನನ ಪ್ರಮಾಣಪತ್ರದಲ್ಲೂ ಉಳಿದೆಲ್ಲ ಗುರುತಿನ ದಾಖಲೆಗಳಲ್ಲೂ ಹೆಸರು ಬದಲಿಸಿಕೊಳ್ಳಲು ಹಕ್ಕುದಾರರು. ಅಲ್ಲಿ ಸಾಧ್ಯವಾದದ್ದು ಉಳಿದವರಿಗೂ ಸಾಧ್ಯವಾಗಬೇಕು.

ಕಾನೂನು ಬರುವವರೆಗೆ ಓದುಗರಲ್ಲಿ ಒಂದು ಕೋರಿಕೆ. ಅರ್ಜಿ ಕೊಟ್ಟ ಕಚೇರಿಯಲ್ಲಿ ‘ಆಗೋದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಹಿಂತಿರುಗಿ ಬರಬೇಡಿ. ಯಾವ ನಿಯಮದ ಪ್ರಕಾರ ಆಗುವುದಿಲ್ಲವೆಂದು ಹಿಂಬರಹ ಕೇಳಿ ಪಡೆಯಿರಿ. ಮೇಲ್ಮನವಿಗಾಗಲಿ ಹೈಕೋರ್ಟಿಗಾಗಲಿ ಹೋಗುವಾಗ ಮೊದಲು ಬೇಕಾಗುವ ಕಾಗದ ಅದೇ.