ಕಬ್ಬಿಣ ಕತ್ತರಿಸಲು ಯಾವ ಗ್ಯಾಸು?

ಕಾಫಿ ಕೊಯ್ಲೂ ಅಡಿಕೆ ಕೊಯ್ಲೂ ಒಟ್ಟಿಗೇ ಬೀಳುವ ದಿನಗಳಲ್ಲಿ ಯಂತ್ರ ಕೆಟ್ಟರೆ ಏನು ಪಾಡೆಂಬುದನ್ನು ಬೆಳೆಗಾರ ಬಂಧುಗಳಿಗೆ ವಿವರಿಸಬೇಕಾದುದಿಲ್ಲ. ಕೊಯ್ದ ಹಣ್ಣು ಅದೇ ದಿನ ಪಲ್ಪರಿಗೆ ಬೀಳದಿದ್ದರೆ ರಾಶಿ ಬಿಸಿಯೇರಿ ಹುಳಿಯುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡ ಒಂದು ಪುಲ್ಲಿಯನ್ನು ಬಿಚ್ಚಿಸಲು ಪೇಟೆಯ ವರ್ಕ್‌ಶಾಪಿನ ಮುಂದೆ ಇಡೀ ದಿನ ಕಾಯಬೇಕು. ಇಂಥ ಸ್ಥಿತಿಯಲ್ಲಿ ಅಕ್ಕಪಕ್ಕದ ನಾಲ್ಕೈದು ಮನೆಯವರು ಕೂಡಿ ಒಂದು ಗ್ಯಾಸ್ ಕಟಿಂಗ್ ಸೆಟ್ ಕೊಳ್ಳೋಣವೆಂದು ಯೋಚಿಸುವುದು ಸಹಜ. ಹಾಗೆ ಕೊಳ್ಳುವುದಾದರೆ ಆಕ್ಸಿಜನ್ ಜೊತೆಗೆ ಅಸಿಟಿಲೀನ್ ಬೇಡ, ಪ್ರೊಪೇನ್ ಇರಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಊರುಗಳಲ್ಲಿ ಪ್ರೊಪೇನ್ ಎಂದರೆ ವಾಣಿಜ್ಯ ಬಳಕೆಯ ಎಲ್.ಪಿ.ಜಿ. ಎಂದೇ ಅರ್ಥ. ಅದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ.

ಅಸಿಟಿಲೀನ್ ಜ್ವಾಲೆ ಹೆಚ್ಚು ಬಿಸಿ, ಆದ್ದರಿಂದ ಅದೇ ಶ್ರೇಷ್ಠ ಎಂಬ ಮಾತನ್ನು ಕಸುಬಿನವರೂ ಹೇಳುವುದುಂಟು. ಬಿಸಿ ಹೆಚ್ಚೆಂಬುದು ನಿಜ. ಆಕ್ಸಿಜನ್ ಜೊತೆ ಅಸಿಟಿಲೀನ್ ಸುಮಾರು 3,100 ಡಿಗ್ರಿ ಸೆಂಟಿಗ್ರೇಡ್ ಕೊಟ್ಟರೆ ಪ್ರೊಪೇನ್ ಸುಮಾರು 2,800 ಕೊಡುತ್ತದೆ. ಆದರೆ ಕತ್ತರಿಸುವ ಕೆಲಸ ಮಾಡುವುದು ಈ ಜ್ವಾಲೆಯಲ್ಲ. ಉಕ್ಕು ಸುಮಾರು 900 ಡಿಗ್ರಿಗೆ ಕಾದು ಕೆಂಪಗಾದ ಮೇಲೆ ಅದರ ಮೇಲೆ ಶುದ್ಧ ಆಕ್ಸಿಜನ್ ಧಾರೆ ಬಿಟ್ಟರೆ ಕಬ್ಬಿಣವೇ ಉರಿದುಹೋಗುತ್ತದೆ. ಉರಿದ ಕಿಟ್ಟವನ್ನು ಅದೇ ಧಾರೆ ಊದಿ ತಳ್ಳುತ್ತದೆ. ಗ್ಯಾಸಿನ ಕೆಲಸ ಕಾಯಿಸುವುದಷ್ಟೇ. ಪ್ರೊಪೇನಿನಲ್ಲಿ ಮೊದಲ ಕಾಯಿಸುವಿಕೆ ಸ್ವಲ್ಪ ನಿಧಾನ, ಅಷ್ಟು ತಾಳ್ಮೆ ಬೇಕು. ಒಮ್ಮೆ ಕತ್ತರಿಸುವುದು ಶುರುವಾದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಬೀಡುಕಬ್ಬಿಣ ಮಾತ್ರ ಎರಡರಲ್ಲೂ ಹೀಗೆ ಕತ್ತರಿಸುವುದಿಲ್ಲ. ಪಲ್ಪರಿನ ಬೀಡಿನ ಭಾಗಗಳ ಮೇಲೆ ಟಾರ್ಚ್ ಹಿಡಿದು ಹಾಳು ಮಾಡಿಕೊಳ್ಳಬಾರದು.

ಇನ್ನು ಕಾಯಿಸುವ ಕೆಲಸ. ತೋಟದವರಿಗೆ ಕತ್ತರಿಸುವುದಕ್ಕಿಂತ ಇದೇ ಹೆಚ್ಚು: ಸೊಟ್ಟಗಾದ ಶಾಫ್ಟ್ ನೆಟ್ಟಗೆ ಮಾಡುವುದು, ಕಚ್ಚಿಕೊಂಡ ನಟ್ಟು ಬಿಡಿಸುವುದು, ಹಾರೆಯ ಮೊನೆ ತಟ್ಟುವುದು. ಅಸಿಟಿಲೀನಿನ ಕಾವು ಜ್ವಾಲೆಯ ತುದಿಯ ಸಣ್ಣ ಮೊನೆಯಲ್ಲಿ ಕೂಡಿರುತ್ತದೆ. ಪ್ರೊಪೇನಿನ ಕಾವು ಹೊರಜ್ವಾಲೆಯಲ್ಲಿ ಹರಡಿರುತ್ತದೆ, ದಪ್ಪ ಕಬ್ಬಿಣವನ್ನು ಸಮನಾಗಿ ಕಾಯಿಸಲು ಬೇಕಾದುದು ಅದೇ. ಅಲ್ಲದೆ ಒಂದು ಘನಮೀಟರ್ ಪ್ರೊಪೇನಿನಲ್ಲಿರುವ ಒಟ್ಟು ಶಾಖ ಅಷ್ಟೇ ಅಸಿಟಿಲೀನಿನ ಒಂದೂವರೆ ಪಟ್ಟಿಗೂ ಹೆಚ್ಚು.

ಅಸಿಟಿಲೀನ್ ಬಗ್ಗೆ ನನಗಿರುವ ದೊಡ್ಡ ತಕರಾರು ಖರ್ಚಿನದಲ್ಲ, ಅದರ ಸ್ವಭಾವದ್ದು. ಈ ಗ್ಯಾಸನ್ನು ಸುಮ್ಮನೆ ಒತ್ತಿ ತುಂಬಲು ಬರುವುದಿಲ್ಲ. ಒತ್ತಡ ಏರಿದರೆ ಗಾಳಿಯ ಸಂಪರ್ಕವಿಲ್ಲದೆಯೇ ತನ್ನಷ್ಟಕ್ಕೆ ವಿಭಜನೆಗೊಂಡು ಸಿಡಿಯಬಲ್ಲದು. ಆದುದರಿಂದ ಸಿಲಿಂಡರಿನೊಳಗೆ ಸರಂಧ್ರ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಉಣಿಸಿ, ಆ ಅಸಿಟೋನಿನಲ್ಲಿ ಗ್ಯಾಸನ್ನು ಕರಗಿಸಿಡುತ್ತಾರೆ. ಹೊರಗೆ ಬಿಡುವಾಗಲೂ 15 ಪೌಂಡ್ ಒತ್ತಡ ಮೀರಕೂಡದು. ಸಿಲಿಂಡರನ್ನು ಮಲಗಿಸಿ ಬಳಸಿದರೆ ಅಸಿಟೋನ್ ಹೊರಬರುತ್ತದೆ. ಈಗ ನಮ್ಮ ರಸ್ತೆಗಳನ್ನು ನೆನೆಸಿಕೊಳ್ಳಿ. ಜೀಪಿನ ಹಿಂದೆ ಮಲಗಿಸಿ, ತಿರುವುಗಳಲ್ಲಿ ಉರುಳಾಡಿಸಿಕೊಂಡು ತಂದು, ಇಳಿಸಿದ ಕೂಡಲೇ ಬೆಂಕಿ ಹಚ್ಚುವವರೇ ಹೆಚ್ಚು. ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಬಳಸಬೇಕೆಂಬ ನಿಯಮವನ್ನು ಕೊಯ್ಲಿನ ಅವಸರದಲ್ಲಿ ಯಾರು ಪಾಲಿಸುತ್ತಾರೆ? ಇಷ್ಟು ಸಾಲದೆಂಬಂತೆ, ಒಂದು ಗಂಟೆಯಲ್ಲಿ ಸಿಲಿಂಡರಿನ ಏಳರಲ್ಲೊಂದು ಪಾಲಿಗಿಂತ ಹೆಚ್ಚು ಗ್ಯಾಸು ಎಳೆಯಬಾರದೆಂಬ ಕಟ್ಟಳೆಯೂ ಇದೆ. ದೊಡ್ಡ ಟಾರ್ಚಿನಲ್ಲಿ ದಪ್ಪ ಶಾಫ್ಟ್ ಕಾಯಿಸುವವನಿಗೆ ಒಂದು ಸಿಲಿಂಡರ್ ಸಾಲದೆ ಹೋಗಬಹುದು.

ಕಾರ್ಬೈಡ್ ಮೇಲೆ ನೀರು ಬಿಟ್ಟು ಗ್ಯಾಸು ತೆಗೆಯುವ ತಗಡಿನ ಡಬ್ಬಿಗಳನ್ನಂತೂ ತೋಟದ ಬಳಿ ಸುಳಿಯಗೊಡಬಾರದು. ಮಳೆಗಾಲದ ತೇವದಲ್ಲಿ ಕಾರ್ಬೈಡ್ ಇಟ್ಟುಕೊಳ್ಳುವುದೇ ಒಂದು ಅಪಾಯ.

ಹಾಗೆಂದು ಪ್ರೊಪೇನ್ ಸಾಧುಪ್ರಾಣಿಯೆಂದು ತಿಳಿಯಬಾರದು. ಅಸಿಟಿಲೀನ್ ಗಾಳಿಗಿಂತ ತುಸು ಹಗುರ. ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇಳದೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂರುತ್ತದೆ. ಗುಡ್ಡ ಕಡಿದು ಕಟ್ಟಿದ ನಮ್ಮ ಶೆಡ್ಡುಗಳು, ಪಲ್ಪರ್ ಮನೆಯ ಗುಂಡಿ, ಪಕ್ಕದ ಚರಂಡಿ, ಅಡಿಕೆ ಬೇಯಿಸುವ ಒಲೆಯ ತಗ್ಗು, ಇವೆಲ್ಲ ಅದು ಕೂರುವ ಜಾಗಗಳೇ. ಸಿಲಿಂಡರ್ ಇರುವುದು ಬಯಲು ಗಾಳಿಯಲ್ಲಿ, ಎತ್ತರದ ಕಡೆ, ಒಲೆಯಿಂದ ದೂರ. ಇದನ್ನೂ ನೆಟ್ಟಗೇ ನಿಲ್ಲಿಸಬೇಕು. ದೊಡ್ಡ ಜ್ವಾಲೆ ಬಹಳ ಹೊತ್ತು ಉರಿಸಿದರೆ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಆಗ ಕೆಂಡವನ್ನೋ ಟಾರ್ಚನ್ನೋ ತೋರಿಸಿ ಬಿಸಿ ಮಾಡುವ ಜಾಣತನ ಬೇಡ.

ಖರ್ಚಿನ ಲೆಕ್ಕದಲ್ಲಿಯೂ ಮಾರುವವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಒಂದು ಪಾಲು ಅಸಿಟಿಲೀನಿಗೆ ಸಿಲಿಂಡರಿನಿಂದ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಆಕ್ಸಿಜನ್ ಸಾಕು; ಪ್ರೊಪೇನಿಗೆ ನಾಲ್ಕು ಪಾಲಿಗೂ ಮೇಲೆ ಬೇಕು. ಗ್ಯಾಸಿನಲ್ಲಿ ಉಳಿದುದರಲ್ಲಿ ಒಂದಷ್ಟು ಆಕ್ಸಿಜನ್ನಿಗೆ ಹೋಗುತ್ತದೆ. ಆಕ್ಸಿಜನ್ ಸಿಲಿಂಡರ್ ತರಲು ನಲವತ್ತು ಮೈಲಿ ಹೋಗಬೇಕಾದವರು ಆ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಲಿ. ಎಕರೆ ಎರಡೆಕರೆಯವರು ಒಬ್ಬಂಟಿಯಾಗಿ ಸೆಟ್ ಕೊಳ್ಳುವುದು ನನಗೆ ಸರಿಕಾಣದು. ಗೇಟಿನ ಸರಳು, ಪೈಪಿನ ತುಂಡು ಕತ್ತರಿಸಲು ಕರೆಂಟಿನ ಗ್ರೈಂಡರ್ ಸಾಕು. ಗ್ಯಾಸ್ ವೆಲ್ಡಿಂಗ್ ಆಗಬೇಕಾದರೂ ಪ್ರೊಪೇನ್ ಒದಗುವುದಿಲ್ಲ. ಉಕ್ಕಿನ ಬೆಸುಗೆಗೆ ಅದರ ಜ್ವಾಲೆ ಹೊಂದದು. ಆ ಕೆಲಸ ಅಸಿಟಿಲೀನಿಗೋ ಕರೆಂಟಿನ ವೆಲ್ಡಿಂಗಿಗೋ ಬಿಟ್ಟದ್ದು.

ಅಡಿಗೆಮನೆಯ 14.2 ಕಿಲೋ ಸಿಲಿಂಡರನ್ನೇ ಕಟಿಂಗಿಗೆ ಜೋಡಿಸುವ ರೂಢಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. 2000ನೇ ಇಸವಿಯ ಎಲ್.ಪಿ.ಜಿ. ನಿಯಂತ್ರಣ ಆದೇಶದಂತೆ ಇದು ಅಪರಾಧ. ಕಾನೂನು ಒತ್ತಟ್ಟಿಗಿರಲಿ, ಒಲೆಯ ರೆಗ್ಯುಲೇಟರ್ ಕೊಡುವ ಒತ್ತಡ ಟಾರ್ಚಿಗೆ ಸಾಲದು, ಅದನ್ನು ಕಿತ್ತು ನಾಟಿ ಜೋಡಣೆ ಮಾಡುವಲ್ಲೇ ಅನಾಹುತ ಕಾದಿರುತ್ತದೆ. 19 ಕಿಲೋ ವಾಣಿಜ್ಯ ಸಿಲಿಂಡರನ್ನು ಸಂಘದ ಹೆಸರಿನಲ್ಲಿ ಪಡೆಯುವುದು ಕಷ್ಟವೇನಲ್ಲ.

ಅಸಿಟಿಲೀನ್ ಸೆಟ್ ಈಗಾಗಲೇ ಇರುವವರು ಬರೀ ಸಿಲಿಂಡರ್ ಬದಲಾಯಿಸಿದರೆ ಆಗದು. ಪ್ರೊಪೇನಿಗೆ ನಾಜಲ್ ಬೇರೆ, ಎರಡು ಭಾಗದ್ದು, ಅಂಗಡಿಯಲ್ಲಿ ಪಿ.ಎನ್.ಎಂ. ಎಂದು ಕೇಳಬೇಕು. ಅಸಿಟಿಲೀನಿನದು ಎ.ಎನ್.ಎಂ. ರೆಗ್ಯುಲೇಟರೂ ಬೇರೆಯೇ. ಹೋಸ್ ಪೈಪ್ ಎಲ್.ಪಿ.ಜಿ.ಗೆ ತಕ್ಕುದಿರಬೇಕು, ಇಲ್ಲವಾದರೆ ರಬ್ಬರು ಒಳಗಿಂದಲೇ ಹಾಳಾಗುತ್ತದೆ. ಎರಡು ಗ್ಯಾಸಿನ ದಾರಿಗೂ ಬೆಂಕಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಹಾಕಿಸಲೇಬೇಕು. ಟಿಲ್ಲರ್ ಬಿಚ್ಚಿದ ಎಣ್ಣೆಗೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಕೂಡದು, ಅದಕ್ಕೆ ಗ್ರೀಸ್ ಹಚ್ಚಲೂಕೂಡದು. ಗೊಬ್ಬರದ ನೀರಿಗೆಂದು ಖಾಲಿ ಡೀಸೆಲ್ ಡ್ರಮ್ಮನ್ನು ಟಾರ್ಚಿನಲ್ಲಿ ಸೀಳಲು ಹೋಗಬೇಡಿ. ಒಳಗೆ ಉಳಿದ ಆವಿಯೇ ಸಾಕು ಅದು ಸಿಡಿಯಲು, ಗ್ಯಾಸು ಯಾವುದಾದರೇನು. ಡ್ರಮ್ಮಿಗೆ ಉಳಿ ಮತ್ತು ಸುತ್ತಿಗೆ ಇವೆ.