ಇಪ್ಪತ್ತು ಮುಖದ ದಾಳ

ದಾಳ ಎಂದರೆ ಆರು ಮುಖ ಎಂದೇ ಎಲ್ಲರ ಎಣಿಕೆ. ಆದರೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳಗಳೂ ಇವೆ. ಆರು ಮುಖದ್ದನ್ನೂ ಸೇರಿಸಿದರೆ ಪ್ಲೇಟೊನ ಹೆಸರು ಹೊತ್ತ ಐದು ಘನಾಕೃತಿಗಳು ಪೂರ್ತಿಯಾದವು. ಅಮೆರಿಕದ ಅನೇಕ ಮಕ್ಕಳ ಕೈಗೆ ಇವು ಬಂದದ್ದು ಗಣಿತದ ತರಗತಿಯಿಂದಲ್ಲ, ಒಂದು ಆಟದಿಂದ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಹೊರಬಂತು. ಮೊದಲು ತಯಾರಾದದ್ದು 1000 ಪೆಟ್ಟಿಗೆ ಮಾತ್ರ. ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ವೀರ, ಮಾಂತ್ರಿಕ ಎಂದು ಒಂದೊಂದು ಪಾತ್ರ ವಹಿಸುತ್ತಾರೆ. ಡ್ರಾಗನ್ ಎದುರಾದರೆ ಓಡುವುದೋ ಹೋರಾಡುವುದೋ ಎಂದು ಕೂಡಿ ತೀರ್ಮಾನಿಸಬೇಕು. ಫಲ ದಾಳದ ಕೈಯಲ್ಲಿ. ಇಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ.

ಮಾಟ, ಪಿಶಾಚಿಗಳ ಹೆಸರು ಕೇಳಿ ಹಿರಿಯರು ಬೆದರಿದರು. 1979ರಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಆಟದ ಹುಚ್ಚಿನಲ್ಲಿ ಕ್ಯಾಂಪಸ್ಸಿನ ಸುರಂಗಕ್ಕೆ ಇಳಿದು ದಾರಿ ತಪ್ಪಿದ್ದಾನೆಂದು ಸುದ್ದಿ ಹಬ್ಬಿತು. ಹುಡುಗ ಸುಮಾರು ಒಂದು ತಿಂಗಳ ಬಳಿಕ ದೂರದ ಲೂಸಿಯಾನದಲ್ಲಿ ಸಿಕ್ಕಿದ. ಅವನನ್ನು ಬಾಧಿಸುತ್ತಿದ್ದದ್ದು ಓದಿನ ಒತ್ತಡ, ಒಂಟಿತನ, ಖಿನ್ನತೆ. ಅಸಾಧಾರಣ ಬುದ್ಧಿವಂತನೆಂದು ಚಿಕ್ಕ ವಯಸ್ಸಿನಲ್ಲೇ ಕಾಲೇಜು ಸೇರಿದ್ದ ಹುಡುಗ ಅವನು. ಮರುವರ್ಷವೇ ತನ್ನ ಜೀವ ತಾನೇ ಕಳೆದುಕೊಂಡ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಸುರಂಗದ ಕಥೆ!

ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ 1983ರಲ್ಲಿ ಈ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಆಕೆಯ ದುಃಖ ನಿಜ, ಅದನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ಲಕ್ಷಾಂತರ ಮಕ್ಕಳು ಆಡುವ ಆಟದಲ್ಲಿ ನೊಂದ ಮಕ್ಕಳೂ ಕೆಲವರು ಇದ್ದೇ ಇರುತ್ತಾರೆ. ಎರಡು ಸಂಗತಿಗಳು ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ವಿಜ್ಞಾನದ ಮೊದಲ ಪಾಠವೇ ಇದು. ಹಾಗಿದ್ದರೂ ಗುಮಾನಿ ತಣ್ಣಗಾಗಲಿಲ್ಲ. 1989ರ ಹೊಸ ಆವೃತ್ತಿಯಲ್ಲಿ ಪ್ರಕಾಶಕರು ದೆವ್ವ, ಪಿಶಾಚಿ ಎಂಬ ಪದಗಳನ್ನೇ ಕೈಬಿಟ್ಟರು. 1997ರಲ್ಲಿ ಹ್ಯಾರಿ ಪಾಟರ್ ಬಂದ ಮೇಲೆ ಅದೇ ಆಕ್ಷೇಪ ಪುಸ್ತಕದ ಕಡೆ ತಿರುಗಿತು.

ಇತ್ತ ಮಕ್ಕಳು ಕಲಿಯುತ್ತಿದ್ದದ್ದೇನು? ಆರು ಮುಖದ ಮೂರು ದಾಳ ಒಟ್ಟಿಗೆ ಉರುಳಿಸಿದರೆ 216 ಸಾಧ್ಯತೆಗಳು. ಮೊತ್ತ 18 ಬರುವುದು ಒಂದೇ ಬಗೆಯಲ್ಲಿ, 10 ಬರುವುದು 27 ಬಗೆಗಳಲ್ಲಿ. ನೀವೇ ಬರೆದು ಲೆಕ್ಕ ಹಾಕಿ ನೋಡಿ. ತನ್ನ ವೀರನಿಗೆ 18 ಅಂಕದ ಬಲ ಸಿಗುವುದೇಕೆ ಅಪರೂಪ ಎಂಬುದು ಆಡಿದ ಹುಡುಗನಿಗೆ ಸಂಭವನೀಯತೆಯ ಸೂತ್ರ ಬರುವ ಮೊದಲೇ ಗೊತ್ತಾಗುತ್ತಿತ್ತು. ದಪ್ಪ ನಿಯಮ ಪುಸ್ತಕ ಓದುವುದು, ನಕ್ಷೆ ಬಿಡಿಸುವುದು, ಸರದಿ ಕಾಯುವುದು, ಎಲ್ಲವೂ ಆಟದ ಜೊತೆಗೇ ಬಂದವು.

ಆಟವೇ ಊಟ ನಿದ್ದೆ ಓದನ್ನು ನುಂಗತೊಡಗಿದರೆ ಹೆತ್ತವರು ತಡೆಯಲೇಬೇಕು. ಆದರೆ ಪುಸ್ತಕ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಅರ್ಧ ಗಂಟೆ ಕೂತು, “ಇದನ್ನು ಹೇಗಪ್ಪಾ ಆಡುವುದು?” ಎಂದು ಕೇಳಲಿ. ಮಗು ಆಟದ ವಿಷಯ ಹೇಳುತ್ತಾ ಹೇಳುತ್ತಾ ಮನಸ್ಸಿನದ್ದನ್ನೂ ಹೇಳೀತು. ಆ ಹದಿನಾರರ ಹುಡುಗನ ವಿಷಯದಲ್ಲಿ ಎಲ್ಲರೂ ಹುಡುಕಿದ್ದು ಸುರಂಗವನ್ನು.