ಬೋರಿನ ಚಿಲುಮೆ ಗೀಸರ್ ಅಲ್ಲ

ಮಂಗಳವೇಢೆಯ ಎರಿ ಹೊಲದಲ್ಲಿ ಬೋರ್ ಹೊಡೆಸುವಾಗ ನೀರು ಆಳೆತ್ತರ ಹಾರಿದರೆ ಸಾಕು, 'ನಮ್ಮೂರಾಗೂ ಗೀಸರ್ ಐತಿ' ಎಂಬ ಮಾತು ಹುಟ್ಟುತ್ತದೆ. ಬಚ್ಚಲಮನೆಯ ಗೀಸರ್ ಅಲ್ಲ, ನೆಲದಡಿಯ ಕಾವಿಗೆ ಕುದಿದು ಬಿಟ್ಟು ಬಿಟ್ಟು ಚಿಮ್ಮುವ ಬುಗ್ಗೆ. ಬೋರಿನ ಚಿಲುಮೆ ಅದಲ್ಲ ಎಂದವರಿಗೆ ನಾಲ್ಕು ವಾದ ಎದುರಾಗುತ್ತವೆ. ಒಂದೊಂದಾಗಿ ನೋಡೋಣ.

ಒಂದು: 'ನೀರು ತಾನಾಗಿಯೇ ಚಿಮ್ಮಿತು.' ಇಲ್ಲ, ಚಿಮ್ಮಿಸಿದ್ದು ಕಂಪ್ರೆಸರ್. ಬೋರ್ ಗಾಡಿ ಒಳಗೆ ತುರುಕುವ ಗಾಳಿಯೇ ಕಲ್ಲಿನ ಪುಡಿಯನ್ನು ಮೇಲೆ ತರುತ್ತದೆ. ಮೊದಲು ಬೂದುಬಣ್ಣದ ಧೂಳು, ಸೆಲೆ ಸಿಕ್ಕರೆ ರಾಡಿ, ಆಮೇಲೆ ನೀರು. ಕಂಪ್ರೆಸರ್ ಬಂದ್ ಮಾಡಿಸಿ. ಚಿಲುಮೆ ಕೇಸಿಂಗ್ ಪೈಪಿನೊಳಗೆ ಇಳಿದುಹೋಗುತ್ತದೆ.

ಎರಡು: 'ನಮ್ಮ ಕರಿಕಲ್ಲು ಲಾವಾ, ಕೆಳಗೆ ಬೆಂಕಿ ಇರಲೇಬೇಕು.' ಮೊದಲರ್ಧ ನಿಜ. ಆದರೆ ದಖ್ಖನಿನ ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇದು ಎಂದೋ ಆರಿದ ಒಲೆ. ಐಸ್‌ಲ್ಯಾಂಡಿನಲ್ಲಿ, ಅಮೆರಿಕದ ಯೆಲ್ಲೊಸ್ಟೋನಿನಲ್ಲಿ ಒಲೆ ಇನ್ನೂ ಕಾದಿದೆ.

ಮೂರು: 'ವಜ್ರೇಶ್ವರಿಯಲ್ಲಿ ಬಿಸಿನೀರು ಇದೆಯಲ್ಲ?' ಇದೆ, ಪುತ್ತೂರಿನ ಬೆಂದ್ರುತೀರ್ಥದಲ್ಲೂ ಇದೆ. ಆದರೆ ಗೀಸರಿಗೆ ಬಿಸಿಯೊಂದೇ ಸಾಲದು, ಇಕ್ಕಟ್ಟಾದ ಕುತ್ತಿಗೆಯೂ ಬೇಕು. ಸಿಲಿಕಾ ಗಿಲಾವು ಮಾಡಿದಂತೆ ಮೆತ್ತಿಕೊಂಡ ಗಟ್ಟಿ ಕೊಳವೆ ಬೇಕು. 10 ಮೀಟರ್ ನೀರಿನ ಭಾರದಡಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುವತನಕ ಕುದಿಯದು. ಅಡುಗೆಮನೆಯ ಕುಕ್ಕರಿನೊಳಗಿನ ಲೆಕ್ಕವೂ ಇದೇ. ಗುಳ್ಳೆಗಳು ಎದ್ದು ಮೇಲಿನ ಸ್ವಲ್ಪ ನೀರನ್ನು ಹೊರಚೆಲ್ಲಿದರೆ ಭಾರ ಇಳಿಯುತ್ತದೆ. ಆಗ ಕೆಳಗಿನ ನೀರು ಒಮ್ಮೆಲೇ ಹಬೆಯಾಗಿ ಉಕ್ಕಿ, ಮೇಲಿದ್ದುದನ್ನೆಲ್ಲ ಆಕಾಶಕ್ಕೆ ಎಸೆಯುತ್ತದೆ. ಜರ್ಮನ್ ವಿಜ್ಞಾನಿ ಬುನ್ಸೆನ್ 1846ರಲ್ಲಿ ಐಸ್‌ಲ್ಯಾಂಡಿಗೆ ಹೋಗಿ, ಬುಗ್ಗೆಯ ಕೊಳವೆಗೇ ಥರ್ಮಾಮೀಟರ್ ಇಳಿಬಿಟ್ಟು ಕಂಡುಕೊಂಡದ್ದು ಇದನ್ನೇ. ನಮ್ಮ ಬಿಸಿನೀರ ಕುಂಡಗಳಲ್ಲಿ ನೀರು ತಡೆಯಿಲ್ಲದೆ ಹರಿದು ಬರುತ್ತದೆ, ಕಾವೂ ಅದರೊಡನೆ ಹೊರಬೀಳುತ್ತದೆ.

ನಾಲ್ಕು: 'ರಾಜಾಪುರದ ಗಂಗೆಯೂ ಬಿಟ್ಟು ಬಿಟ್ಟು ಬರುತ್ತಾಳೆ.' ನಿಜ, ಆ ಬುಗ್ಗೆ ಹಾಗೆಯೇ ಬರುತ್ತದೆ. ಆದರೆ ಅದೊಂದೇ ಗೀಸರಿನ ಗುರುತಲ್ಲ. ಐಸ್‌ಲ್ಯಾಂಡಿನ ಸ್ಟ್ರೊಕ್ಕುರ್ 6ರಿಂದ 10 ನಿಮಿಷಕ್ಕೊಮ್ಮೆ ಹಬೆಯ ಕಂಬವಾಗಿ ಏಳುತ್ತದೆ. ಗಂಗೆ ಕೆಲವು ವರ್ಷಕ್ಕೊಮ್ಮೆ ಬಂದು ಕುಂಡ ತುಂಬಿ ಹರಿಯುತ್ತಾಳೆ, ಅಷ್ಟೇ.

ಹೆಸರಿನ ಜಗಳವಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ 'ಗೀಸರ್' ಎಂದೊಡನೆ ಬತ್ತದ ನೀರು ಎಂಬ ಭ್ರಮೆ ಬೆಳೆದು, ಪಕ್ಕದ ಹೊಲದವನೂ ಸಾಲ ಮಾಡಿ ಗಾಡಿ ಕರೆಸುತ್ತಾನೆ. ಕರಿಕಲ್ಲಿನ ಬಿರುಕಿನಲ್ಲಿರುವುದು ಇಂಗಿದ ಮಳೆನೀರು. ಮಳೆ ತಪ್ಪಿದರೆ ಅದೂ ತಪ್ಪುತ್ತದೆ. ಮುಂದಿನ ಸಲ ಚಿಲುಮೆ ಕಂಡಾಗ ಕೈಯೊಡ್ಡಿ ನೋಡಿ. ಕೈ ಸುಡದಿದ್ದರೆ, ಮಳೆನೀರು ಇಂಗಲೆಂದು ಮೊದಲು ಹೊಲಕ್ಕೆ ಬದು ಹಾಕಿಸಿ.